ಪಾರ್ವೊ ಬಂದ ಗೂಡಿಗೆ ಫಿನಾಯಿಲ್ ಸಾಕಾ?

ಪ್ರಶ್ನೆ: ನಮ್ಮ ನಾಯಿ ಆಶ್ರಯಧಾಮಕ್ಕೆ ಹೊಸದಾಗಿ ಮೂವರು ಕೆಲಸಕ್ಕೆ ಸೇರಿದ್ದಾರೆ. ಪಾರ್ವೊ (ನಾಯಿಮರಿಗಳಿಗೆ ರಕ್ತಭೇದಿ ತರುವ ವೈರಸ್) ತಗುಲಿದ ಮರಿ ಇದ್ದ ಗೂಡನ್ನು ದಿನಾ ಫಿನಾಯಿಲ್ ಹಾಕಿ ತೊಳೆದರೂ ಮುಂದಿನ ಮರಿಗೂ ಅದೇ ರಕ್ತಭೇದಿ. ಅವರಿಗೆ ಏನು ಕಲಿಸಬೇಕು?

ಉತ್ತರ 1: ಫಿನಾಯಿಲ್‌ಗೆ ಪಾರ್ವೊ ಸಾಯಲ್ಲ. 5% ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ತಗೊಳ್ಳಿ, 10 ಲೀಟರ್ ತಣ್ಣೀರಿಗೆ 300 ಮಿಲಿ. ಅದಕ್ಕೂ ಮೊದಲು ಮಲ, ಕೂದಲು ತೆಗೆದು ಸೋಪಿನ ನೀರಲ್ಲಿ ಉಜ್ಜಿ ತೊಳೀಬೇಕು. ಕೊಳೆ ಉಳಿದರೆ ಬ್ಲೀಚಿನ ಶಕ್ತಿಯೆಲ್ಲ ಅದಕ್ಕೇ ಖರ್ಚು. ಆಮೇಲೆ ನೆಲ ಪೂರ್ತಿ 10 ನಿಮಿಷ ಒದ್ದೆಯಾಗಿರಬೇಕು. ಹೊಸಬರು ಎಡವೋದು ಇಲ್ಲೇ: ಸುರಿದು ಎರಡೇ ನಿಮಿಷಕ್ಕೆ ತೊಳೆದುಬಿಡ್ತಾರೆ. ದಿನಾ ಹೊಸದಾಗಿ ಬೆರೆಸಿ. ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಬೇಡ, ವಿಷಾನಿಲ ಏಳುತ್ತೆ.

ಉತ್ತರ 2: ಯಾವ ಗೂಡು ಮೊದಲು ಅನ್ನೋದೂ ಮುಖ್ಯ ಸಾರ್. ಆರೋಗ್ಯವಾಗಿರೋ ಮರಿಗಳದ್ದು ಮೊದಲು, ಆಮೇಲೆ ದೊಡ್ಡ ನಾಯಿಗಳದ್ದು, ಕಾಯಿಲೆಯವುಗಳದ್ದು ಕೊನೆಗೆ. ಪಾರ್ವೊ ಗೂಡಿಗೆ ಬೇರೆ ಪೊರಕೆ, ಬೇರೆ ಗಂಬೂಟು. ಬಿರುಕು ಬಿಟ್ಟ ಸಿಮೆಂಟ್ ನೆಲ, ಮರದ ಹಲಗೆ ಇದ್ದರೆ ಬ್ಲೀಚ್ ಹಾಕಿಯೂ ಪೂರ್ತಿ ಭರವಸೆ ಇಲ್ಲ.

ಪ್ರಶ್ನೆ ಕೇಳಿದವರು: ಹಾಸಿದ್ದ ಗೋಣಿಚೀಲ ಒಗೆದು ಬಳಸಬಹುದಾ?

ಉತ್ತರ 1: ಬೇಡ. ಕವರಿಗೆ ಹಾಕಿ ಬಾಯಿ ಕಟ್ಟಿ, ಬಿಸಾಕಿ. ಝಾಡಿಸೋಕೆ ಹೋಗಬೇಡಿ.