ಸಣ್ಣ ಮೈಕಟ್ಟಿಗೆ ಸಹಜವಾಗಿ ಕಾಣುವ ಸ್ತನ ಇಂಪ್ಲಾಂಟ್: ಮಾಡಿಸಿಕೊಂಡವರು ಅನುಭವ ತಿಳಿಸಿ

ಬಿಸಿಲುಮಲ್ಲಿಗೆ, ಬಳ್ಳಾರಿ:
ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ, ತೂಕ 41 ಕೆ.ಜಿ. ಸ್ತನಗಳಿಗೆ ಇಂಪ್ಲಾಂಟ್ ಹಾಕಿಸಿಕೊಳ್ಳಲು ನಿರ್ಧರಿಸಿದ್ದೇನೆ. ಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಬೆಂಗಳೂರಿನ ವೈದ್ಯರೊಬ್ಬರು 225 ಸಿಸಿ (ಒಂದು ಸಿಸಿ ಎಂದರೆ ಒಂದು ಮಿ.ಲೀ.) ಸಾಕು, ಸ್ನಾಯುವಿನ ಕೆಳಗೆ ಇಡೋಣ ಎಂದರು. ಹೈದರಾಬಾದಿನ ವೈದ್ಯರು 300 ಸಿಸಿಗಿಂತ ಕಡಿಮೆ ಹಾಕಿಸಿದರೆ ಹಣ ದಂಡ ಎಂದರು. ಸೀರೆ ಉಟ್ಟಾಗ ಮೈಗೆ ಒಪ್ಪಬೇಕು, ಒಳಗೊಂದು ವಸ್ತು ಇದೆ ಎಂದು ಯಾರಿಗೂ ಅನ್ನಿಸಬಾರದು, ಅಷ್ಟೇ. ನನ್ನಂಥ ಮೈಕಟ್ಟಿನವರು ಯಾವ ಅಳತೆ, ಯಾವ ಆಕಾರ ಆರಿಸಿದಿರಿ, ಒಟ್ಟು ಖರ್ಚು ಎಷ್ಟಾಯಿತು ಎಂದು ದಯವಿಟ್ಟು ಬರೆಯಿರಿ.

ಕೃಷ್ಣೆಯ ದಡದವಳು, ರಾಯಚೂರು:
ತಂಗಿ, ಸಿಸಿ ಲೆಕ್ಕದಿಂದ ಹೊರಟವರು ಯಾರೂ ನೆಟ್ಟಗೆ ಊರು ಸೇರಿಲ್ಲ. ನಾನು ಹೈದರಾಬಾದಿನಲ್ಲೇ ಮಾಡಿಸಿಕೊಂಡೆ. ನನ್ನ ವೈದ್ಯರು ಮೊದಲು ಹಿಡಿದದ್ದು ಅಗಲ ಅಳೆಯುವ ಕ್ಯಾಲಿಪರ್. ಸ್ತನದ ಬುಡದ ಅಗಲ 11 ಸೆಂ.ಮೀ. ಬಂದಿತು, ಅದಕ್ಕಿಂತ ಅಗಲವಾದ ಇಂಪ್ಲಾಂಟ್ ಹಾಕಿದರೆ ಒಂದೋ ಕಂಕುಳ ಕಡೆಗೆ ಚಾಚುತ್ತದೆ, ಇಲ್ಲವೇ ನಡುವಿನ ಸಂದು ಉಳಿಯದೆ ಎರಡೂ ಕೂಡಿಕೊಳ್ಳುತ್ತವೆ ಎಂದು ಚಿತ್ರ ಬರೆದು ತೋರಿಸಿದರು. ಅಗಲ ಹೆಚ್ಚಿಸದೆ ಸಿಸಿ ಮಾತ್ರ ಹೆಚ್ಚಿಸಬೇಕೆಂದರೆ ಮುಂದಕ್ಕೆ ಉಬ್ಬುವ ಹೈ ಪ್ರೊಫೈಲ್ ಆರಿಸಬೇಕಾಗುತ್ತದೆ, ಸಣ್ಣ ಎದೆಯ ಮೇಲೆ ಅದು ಕುತ್ತಿಗೆಯ ಕೆಳಗಿನಿಂದಲೇ ದುಂಡಗೆ ಎದ್ದು ಕಾಣುತ್ತದೆ. ಆಮೇಲೆ ಸ್ತನದ ಮೇಲ್ಭಾಗದ ಚರ್ಮವನ್ನು ಚಿವುಟಿ ದಪ್ಪ ನೋಡಿದರು. ಅದು 2 ಸೆಂ.ಮೀ.ಗಿಂತ ಕಡಿಮೆ ಇದ್ದುದರಿಂದ ಡ್ಯುಯಲ್ ಪ್ಲೇನ್ ಎಂದು ತೀರ್ಮಾನವಾಯಿತು: ಮೇಲಿನ ಭಾಗಕ್ಕೆ ಸ್ನಾಯುವಿನ ಹೊದಿಕೆ, ಕೆಳಗಿನ ಭಾಗ ಸ್ನಾಯುವಿನಿಂದ ಬಿಡುಗಡೆ. ದುಂಡನೆಯ, ನುಣುಪು ಹೊರಮೈಯ, ಮಾಡರೇಟ್ ಪ್ರೊಫೈಲ್‌ನ 210 ಸಿಸಿ.

ಮನೆಯಲ್ಲಿ ಅಕ್ಕಿಯ ಪರೀಕ್ಷೆಯನ್ನೂ ಮಾಡಿದ್ದೆ. ಅಳತೆಯ ಲೋಟದಲ್ಲಿ 200 ಮಿ.ಲೀ. ಗೆರೆಯವರೆಗೆ ಸೋನಾ ಮಸೂರಿ ತುಂಬಿ, ತೆಳು ಕಾಲುಚೀಲಕ್ಕೆ ಸುರಿದು, ಗಂಟು ಹಾಕಿ ಬ್ರಾದೊಳಗೆ ಇಟ್ಟುಕೊಂಡು ಮನೆಗೆಲಸವನ್ನೆಲ್ಲ ಮಾಡಿದೆ. 300 ತುಂಬಿದ ದಿನ ಸಂಜೆಗೆ ಹೆಗಲು ಹಿಡಿದುಕೊಂಡಿತು.

ಖರ್ಚು ಹೇಳುತ್ತೇನೆ. ಇಂಪ್ಲಾಂಟ್ ಜೋಡಿಗೆ 78,000, ಶಸ್ತ್ರಚಿಕಿತ್ಸಕರು ಮತ್ತು ಓಟಿ ಸೇರಿ 82,000, ಅರಿವಳಿಕೆಯವರಿಗೆ 14,000. ಒಟ್ಟು 1,74,000 ಎಂದು ಎಣಿಸಿಕೊಂಡು ಹೋದರೆ ಬಿಲ್ಲಿನಲ್ಲಿ ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಎಂದರೆ 31,320. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಎಂದು ವಾದ ಮಾಡಿದೆ. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಆ ವಿನಾಯಿತಿ ಇಲ್ಲ ಎಂದು ಆದೇಶವನ್ನೇ ತೆಗೆದು ತೋರಿಸಿದರು. ಸರ್ಜಿಕಲ್ ಬ್ರಾ ಎರಡು, ತಲಾ 2,800. ಹೊಲಿಗೆ ಬಿಚ್ಚುವವರೆಗೆ ಅಲ್ಲಿಯೇ ರೂಮು, ತಾಯಿಯವರ ಊಟ, ಕಾರು ಎಲ್ಲ ಬೇರೆ. ಇಷ್ಟಾದರೂ ನನ್ನ ಆಯ್ಕೆಯ ಬಗ್ಗೆ ನನಗೆ ಹೆಮ್ಮೆಯಿದೆ. ಒಡಹುಟ್ಟಿದ ಅಕ್ಕನಿಗೇ ಇಂದಿಗೂ ಗೊತ್ತಾಗಿಲ್ಲ.

ಗಂಗಾವತಿಯ ಅಕ್ಕ:
ಮೇಲಿನವರು ಬರೆದದ್ದನ್ನು ಓದಿದರೆ ಅಳತೆ ಸರಿಯಿದ್ದರೆ ಎಲ್ಲವೂ ಸರಿ ಎಂದು ತೋರುತ್ತದೆ. ನನ್ನ ಅಳತೆಯೂ ಸರಿಯೇ ಇತ್ತು. ನಾನು 44 ಕೆ.ಜಿ. ಇದ್ದೆ, ಹಾಕಿದ್ದು 240 ಸಿಸಿ. ಆದರೆ ಸ್ನಾಯುವಿನ ಮೇಲೆ, ಗ್ರಂಥಿಯ ಕೆಳಗೆ ಇಟ್ಟರು. ನೋವು ಕಡಿಮೆ, ಬೇಗ ಕೆಲಸಕ್ಕೆ ಹೋಗಬಹುದು ಎಂಬ ಮಾತು ಬೇರೆ. ಊತ ಇಳಿದ ಮೇಲೆ ರಂಗೋಲಿ ಹಾಕಲು ಬಗ್ಗಿದರೆ ಪಕ್ಕದಲ್ಲಿ ಸುಕ್ಕುಗಳು ನೀರಿನ ಅಲೆಯಂತೆ ಏಳುತ್ತಿದ್ದವು. ರಿಪ್ಲಿಂಗ್ ಎನ್ನುವುದು ಇದನ್ನೇ. ಮೈಯಲ್ಲಿ ಕೊಬ್ಬಿಲ್ಲದವರಿಗೆ ಅದನ್ನು ಮುಚ್ಚಲು ಏನೂ ಇರುವುದಿಲ್ಲ, ಬೆರಳಿಗೆ ಅಂಚು ಸಿಗುತ್ತದೆ.

ಎರಡನೆಯ ವರ್ಷ ಎಡಭಾಗ ಗಟ್ಟಿಯಾಗತೊಡಗಿತು. ಇಂಪ್ಲಾಂಟಿನ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆ ಬಿಗಿದುಕೊಂಡು ಹಿಂಡುವ ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅದು. ಬೇಕರ್ ಎಂಬ ಅಳತೆಗೋಲಿನ ನಾಲ್ಕು ದರ್ಜೆಗಳಲ್ಲಿ ನನ್ನದು ಮೂರನೆಯದು ಎಂದು ಬರೆದುಕೊಟ್ಟರು. ವೈದ್ಯರಿಗಿಂತ ಮೊದಲು ಕಂಡುಹಿಡಿದವರು ನಮ್ಮ ಬ್ಲೌಸ್ ಹೊಲಿಯುವಾಕೆ. ಎಡಗಡೆಯ ಟಕ್ಸ್ ಅನ್ನು ಅರ್ಧ ಅಂಗುಲ ಮೇಲಕ್ಕೆ ಹಿಡಿದು, ಗುಂಡುಸೂಜಿ ಬಾಯಲ್ಲಿ ಇಟ್ಟುಕೊಂಡೇ, ಏನಕ್ಕಾ ಇದು ಎಂದು ಕೇಳಿದಳು. ಯಾರಿಗೂ ಗೊತ್ತಾಗಬಾರದು ಎಂದು ಬಯಸಿದವಳಿಗೆ ಬಂದ ಫಲ ಇದು.

ಮೊದಲ ಸಲ 1,65,000. ಮರು ಶಸ್ತ್ರಚಿಕಿತ್ಸೆಯಲ್ಲಿ ಪೊರೆ ತೆಗೆದು, ಸ್ನಾಯುವಿನ ಕೆಳಗೆ ಹೊಸ ಜಾಗ ಮಾಡಿ, ಬೇರೆ ಜೋಡಿ ಹಾಕಲು 2,40,000. ಕಂಪನಿಯ ವಾರಂಟಿ ಇದೆ ಎಂದಿದ್ದರಲ್ಲ, ಅದರಲ್ಲಿ ಬಂದದ್ದು ಎಡಬದಿಯ ಇಂಪ್ಲಾಂಟ್ ಒಂದೇ. ಓಟಿ, ಅರಿವಳಿಕೆ, ಔಷಧಿ ಎಲ್ಲ ನಮ್ಮ ಜೇಬಿನಿಂದ. ಎರಡು ಬಳೆ ಅಡವಿಟ್ಟೆ. ಈಗ ಸುಕ್ಕಿಲ್ಲ, ನಿಜ. ಆದರೆ ತುಂಬಿದ ಕೊಡ ಎತ್ತಿದಾಗ ಎದೆಯ ಸ್ನಾಯು ಬಿಗಿದು ಎರಡೂ ಪಕ್ಕಕ್ಕೆ ಸರಿಯುತ್ತವೆ. ರಾಯಚೂರಿನವರು ಡ್ಯುಯಲ್ ಪ್ಲೇನಿನ ಈ ಗುಣವನ್ನು ಏಕೆ ಬರೆಯಲಿಲ್ಲ?

ಕೃಷ್ಣೆಯ ದಡದವಳು, ರಾಯಚೂರು:
ನನಗೆ ಹಾಗೆ ಆಗಿಲ್ಲ, ಆದ್ದರಿಂದ ಬರೆಯಲಿಲ್ಲ. ನಿಮ್ಮ ಎರಡನೆಯ ವೈದ್ಯರು ಸ್ನಾಯುವನ್ನು ಎಷ್ಟು ಬಿಡಿಸಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ನಿಮ್ಮ ನೋವಿಗೆ ನನ್ನ ಗೌರವವಿದೆ. ನನ್ನ ಅನುಭವವನ್ನು ಸುಳ್ಳೆನ್ನುವ ಹಕ್ಕು ನಿಮಗಿಲ್ಲ.

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ:
ಇಬ್ಬರೂ ದುಂಡನೆಯದನ್ನೇ ಹಿಡಿದುಕೊಂಡು ಜಗಳವಾಡುತ್ತಿದ್ದೀರಿ. ಸಹಜ ಇಳಿಜಾರು ಬೇಕಾದವರಿಗಾಗಿಯೇ ಹನಿಯಾಕಾರದ, ಟಿಯರ್‌ಡ್ರಾಪ್ ಎನ್ನುವ ಇಂಪ್ಲಾಂಟ್ ಇದೆ. ನಾನು 2016ರಲ್ಲಿ ಅದನ್ನೇ ಹಾಕಿಸಿಕೊಂಡೆ. ಮೇಲೆ ತೆಳು, ಕೆಳಗೆ ತುಂಬು. ಗಟ್ಟಿ ಜೆಲ್ ಆದ್ದರಿಂದ ಆಕಾರ ಕೆಡುವುದಿಲ್ಲ. ನನ್ನ ಎತ್ತರ ಐದು ಅಡಿ. ಮೇಲಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ನನಗೇ ಕಾಣುವುದಿಲ್ಲ. ಸಣ್ಣ ಮೈಗೆ ಇದಕ್ಕಿಂತ ಒಳ್ಳೆಯದು ಇಲ್ಲ ಎಂದು ಇಂದಿಗೂ ಹೇಳುತ್ತೇನೆ.

ಗಂಗಾವತಿಯ ಅಕ್ಕ:
ಹನಿಯಾಕಾರದ್ದು ಒಳಗೆ ತಿರುಗಿಬಿಟ್ಟರೆ ಏನು ಗತಿ ಎಂದೂ ಬರೆಯಿರಿ. ದುಂಡನೆಯದು ತಿರುಗಿದರೆ ಯಾರಿಗೂ ತಿಳಿಯುವುದಿಲ್ಲ, ಹನಿಯಾಕಾರದ್ದು ತಿರುಗಿದರೆ ಸ್ತನದ ಆಕಾರವೇ ವಕ್ರವಾಗುತ್ತದೆ. ತಿರುಗಬಾರದೆಂದೇ ಅವುಗಳ ಹೊರಮೈಯನ್ನು ಒರಟಾಗಿ ಮಾಡುತ್ತಾರೆ. ಆ ಒರಟು ಹೊರಮೈಗೂ ಬಿಐಎ-ಎಎಲ್‌ಸಿಎಲ್ ಎಂಬ ವಿರಳ ಲಿಂಫೋಮಾ ಕ್ಯಾನ್ಸರಿಗೂ ನಂಟು ಕಂಡುಬಂದು, ಆಲರ್ಗನ್ ಕಂಪನಿ 2019ರ ಜುಲೈನಲ್ಲಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಹೊಸದಾಗಿ ಕೇಳುತ್ತಿರುವ ಹುಡುಗಿಗೆ ಇದನ್ನು ಹೇಳದೆ ಇಳಿಜಾರಿನ ಅಂದವನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ:
ನನ್ನದು ಆ ಕಂಪನಿಯದಲ್ಲ. ಆ ಸುದ್ದಿ ಬಂದ ರಾತ್ರಿ ನಾನು ನಿದ್ದೆ ಮಾಡಿಲ್ಲ. ನೀವು ಇಂದು ಓದಿದ್ದನ್ನು ನಾನು ಅನುಭವಿಸಿದ್ದೇನೆ. ತೊಂದರೆಯ ಲಕ್ಷಣವಿಲ್ಲದವರು ತೆಗೆಸುವ ಅಗತ್ಯವಿಲ್ಲ, ಆದರೆ ಒಂದು ಬದಿ ಇದ್ದಕ್ಕಿದ್ದಂತೆ ಊದಿಕೊಂಡರೆ, ನೀರು ತುಂಬಿದಂತಾದರೆ, ಗಂಟು ಕಂಡರೆ ತಡಮಾಡದೆ ತೋರಿಸಬೇಕು ಎಂದು ಆಗ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತ್ತು. ನಾನು ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇದ್ದೇನೆ. ಭಯ ಹುಟ್ಟಿಸುವವರೇ ಹೆಚ್ಚಾಗಿದ್ದಾರೆ.

ಸಿಂಧನೂರಿನವಳು:
ಹೊರಗಿನ ವಸ್ತುವೇ ಬೇಡವೆಂದು ನಾನು ಸ್ವಂತ ಕೊಬ್ಬನ್ನೇ ತುಂಬಿಸಿಕೊಂಡೆ. ತೊಡೆಯಿಂದ ತೆಗೆದರು. ತೆಳ್ಳಗಿದ್ದವಳ ತೊಡೆಯಲ್ಲಿ ಇರುವುದಾದರೂ ಎಷ್ಟು? ತುಂಬಿದ್ದರಲ್ಲಿ ಒಂದು ಪಾಲು ಕೆಲವೇ ತಿಂಗಳಲ್ಲಿ ಮೈಯಲ್ಲಿ ಕರಗಿತು, ಮತ್ತೊಮ್ಮೆ ತುಂಬಲು ತೆಗೆಯುವ ಜಾಗ ಉಳಿಯಲಿಲ್ಲ. 1,30,000 ಕೊಟ್ಟು ತೊಡೆಯಲ್ಲಿ ಎರಡು ತಗ್ಗು ಉಳಿದಿವೆ. ಸ್ಪರ್ಶ ಮಾತ್ರ ಸಂಪೂರ್ಣ ಸಹಜ, ಅದನ್ನು ಯಾವ ಸಿಲಿಕೋನೂ ಕೊಡಲಾರದು.

ಕೊಪ್ಪಳದ ಶಿಕ್ಷಕಿ:
ಜಿಎಸ್‌ಟಿ ಬಗ್ಗೆ ರಾಯಚೂರಿನವರು ಬರೆದದ್ದು ಎಲ್ಲರಿಗೂ ಅನ್ವಯಿಸುವುದಿಲ್ಲ. ನನಗೆ ಹುಟ್ಟಿನಿಂದಲೇ ಬಲಗಡೆಯ ಎದೆಯ ಸ್ನಾಯು ಬೆಳೆದಿರಲಿಲ್ಲ. ಪೋಲೆಂಡ್ ಸಿಂಡ್ರೋಮ್ ಎನ್ನುತ್ತಾರೆ. ಜನ್ಮಜಾತ ನ್ಯೂನತೆ, ಬೆಳವಣಿಗೆಯ ದೋಷ, ಗಾಯ, ಇವುಗಳಿಂದ ಕೆಟ್ಟ ಅಂಗವನ್ನು ಸರಿಪಡಿಸುವ ಪ್ಲಾಸ್ಟಿಕ್ ಸರ್ಜರಿಗೆ ತೆರಿಗೆಯಿಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ ಅವರು ತೆರಿಗೆ ಸೇರಿಸಿಯೇ ಬಿಟ್ಟಿದ್ದರು; ವೈದ್ಯರಿಂದ ಪತ್ರ ಬರೆಸಿ ತಂದು, ಬಿಲ್ ಬದಲಾಗುವವರೆಗೆ ಅಲ್ಲಿಂದ ಕದಲಲಿಲ್ಲ. ವಿಮೆಯವರು ಮಾತ್ರ ಹುಟ್ಟಿನ ಬಾಹ್ಯ ದೋಷಕ್ಕೆ ಹಣ ಕೊಡುವುದಿಲ್ಲ ಎಂದು ಪತ್ರ ಕಳಿಸಿದರು. ಶೋಕಿಗಾಗಿ ಮಾಡಿಸಿಕೊಂಡವರು ತೆರಿಗೆ ಕಟ್ಟುವುದು ಸರಿಯೇ, ನಮ್ಮಂಥವರನ್ನು ಅದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ.

ಕೃಷ್ಣೆಯ ದಡದವಳು, ರಾಯಚೂರು:
ಶಿಕ್ಷಕಿಯವರೇ, ಶೋಕಿ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ಹದಿಹರೆಯದಿಂದ ಪ್ಯಾಡು ಇಟ್ಟುಕೊಂಡು, ಮಳೆಯಲ್ಲಿ ನೆನೆದರೆ ಎಲ್ಲಿ ಜಾರೀತೋ ಎಂದು ಎದೆಗೆ ಕೈಚೀಲ ಅವುಚಿಕೊಂಡು ನಡೆದವಳು ನಾನು. ನಿಮ್ಮ ನೋವಿಗೆ ಆಸ್ಪತ್ರೆಯ ಹೆಸರೊಂದಿದೆ, ನನ್ನದಕ್ಕಿಲ್ಲ, ವ್ಯತ್ಯಾಸ ಅಷ್ಟೇ.

ಕೊಪ್ಪಳದ ಶಿಕ್ಷಕಿ:
ಮಾತನ್ನು ಹಿಂತೆಗೆದುಕೊಂಡಿದ್ದೇನೆ. ತೆರಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ತೆಗೆಸಿಕೊಂಡವಳು, ಬಳ್ಳಾರಿ:
ಇಷ್ಟು ಜನ ಬರೆದಿದ್ದೀರಿ, ಇದು ಜೀವಮಾನಕ್ಕೆ ಬಾಳುವ ವಸ್ತುವಲ್ಲ ಎಂದು ಒಬ್ಬರೂ ಹೇಳಿಲ್ಲ. ನಾನು ಮೂವತ್ತರೊಳಗೆ ಹಾಕಿಸಿ ನಲವತ್ತು ದಾಟಿದ ಮೇಲೆ ತೆಗೆಸಿದೆ. ಜೆಲ್ ಇಂಪ್ಲಾಂಟ್ ಒಳಗೇ ಹರಿದರೆ ಹೊರಗೆ ಏನೂ ತಿಳಿಯದೇ ಇರಬಹುದು. ಅದಕ್ಕಾಗಿಯೇ ಹಾಕಿಸಿದ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಎಫ್‌ಡಿಎ ಸಲಹೆ ಕೊಟ್ಟಿದೆ. ನನ್ನದು ಎಂಆರ್‌ಐನಲ್ಲೇ ಗೊತ್ತಾದದ್ದು, ಆ ಒಂದು ಸ್ಕ್ಯಾನಿಗೆ 9,500. ತೆಗೆಸಲು 1,10,000. ತೆಗೆದ ಮೇಲೆ ಚರ್ಮ ಸಡಿಲವಾಗಿ ನಿಲ್ಲುತ್ತದೆ, ಅದನ್ನು ಎತ್ತಿ ಕಟ್ಟಿಸಲು ಮತ್ತೆ ಬೇರೆ ಖರ್ಚು. ನಾನು ಅದನ್ನು ಮಾಡಿಸಲಿಲ್ಲ.

ಹಾಕಿದ ದಿನವೇ ಕೊಡುವ ಇಂಪ್ಲಾಂಟ್ ಕಾರ್ಡನ್ನು ಜೋಪಾನವಾಗಿಡಿ. ಅದರಲ್ಲಿ ಕಂಪನಿ, ಅಳತೆ, ಸೀರಿಯಲ್ ನಂಬರ್ ಇರುತ್ತವೆ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಬಳಕೆಗಲ್ಲದ ಕೈಗಾರಿಕಾ ಸಿಲಿಕೋನ್ ತುಂಬುತ್ತಿತ್ತು ಎಂದು 2010ರಲ್ಲಿ ಬಯಲಾದಾಗ, ತಮ್ಮೊಳಗೆ ಇರುವುದು ಯಾವುದು ಎಂದು ತಿಳಿಯಲು ಹೆಂಗಸರಿಗೆ ಬೇಕಾದದ್ದು ಇಂಥ ದಾಖಲೆಯೇ. ನನಗೆ ಕಾರ್ಡು ಕೊಡಲೇ ಇಲ್ಲ. ಕೇಳಿದರೆ ಫೈಲು ಸಿಗುತ್ತಿಲ್ಲ ಎಂದರು.

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ:
ಹತ್ತು ವರ್ಷ ಸುಖವಾಗಿ ಇಟ್ಟುಕೊಂಡು ಈಗ ಇನ್ನೊಬ್ಬರಿಗೆ ಬೇಡವೆನ್ನುವುದು ಯಾವ ನ್ಯಾಯ?

ತೆಗೆಸಿಕೊಂಡವಳು, ಬಳ್ಳಾರಿ:
ಬೇಡವೆಂದು ನಾನೆಲ್ಲಿ ಬರೆದಿದ್ದೇನೆ? ಎರಡನೆಯ ಶಸ್ತ್ರಚಿಕಿತ್ಸೆಯ ಹಣವನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ ಎಂದಿದ್ದೇನೆ. ಸುಖವಾಗಿದ್ದೆನೋ ಇಲ್ಲವೋ ನಿಮಗೇನು ಗೊತ್ತು?

ಬಿಸಿಲುಮಲ್ಲಿಗೆ, ಬಳ್ಳಾರಿ:
ಎಲ್ಲರಿಗೂ ವಂದನೆಗಳು. ಬುಡದ ಅಗಲವನ್ನು ಇಬ್ಬರು ವೈದ್ಯರಲ್ಲಿ ಒಬ್ಬರು ಮಾತ್ರ ಅಳೆದಿದ್ದರು, 300 ಎಂದವರು ಅಳೆದಿರಲಿಲ್ಲ. ಏಪ್ರಿಲ್‌ನಲ್ಲಿ ರಜೆ ಸಿಗುತ್ತದೆ, ಆಗ ಮಾಡಿಸಿಕೊಳ್ಳಬಹುದೇ? ಮುಂದೆ ಮಗುವಿಗೆ ಹಾಲೂಡಿಸಲು ತೊಂದರೆಯಾಗುತ್ತದೆಯೇ?

ಗಂಗಾವತಿಯ ಅಕ್ಕ:
ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಹಗಲೂ ರಾತ್ರಿ ಬಿಗಿಯಾದ ಸರ್ಜಿಕಲ್ ಬ್ರಾ ತೊಟ್ಟಿರಬೇಕು ಎಂಬುದನ್ನು ನೆನಪಿಡಿ. ನನಗೆ ಪಟ್ಟಿಯ ಕೆಳಗೆ ಬೆವರುಸಾಲೆ ಎದ್ದು, ಕೆರೆಯುವಂತಿಲ್ಲ, ಹೊಲಿಗೆ ಒದ್ದೆ ಮಾಡುವಂತಿಲ್ಲ, ಕರೆಂಟು ಹೋದರೆ ದೇವರೇ ಗತಿ. ದೀಪಾವಳಿಯ ನಂತರ ಮಾಡಿಸಿಕೊಳ್ಳಿ.

ಕೃಷ್ಣೆಯ ದಡದವಳು, ರಾಯಚೂರು:
ಈ ಒಂದು ಮಾತಿನಲ್ಲಿ ಗಂಗಾವತಿಯವರೊಂದಿಗೆ ನನಗೆ ಒಪ್ಪಿಗೆಯಿದೆ. ಹಾಲೂಡಿಸುವ ವಿಷಯಕ್ಕೆ ಬಂದರೆ, ಮೊಲೆತೊಟ್ಟಿನ ಸುತ್ತ ಕೊಯ್ಯುವುದಕ್ಕಿಂತ ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ಹಾಲಿನ ನಾಳಗಳಿಗೆ ಪೆಟ್ಟು ಬೀಳುವ ಸಂಭವ ಕಡಿಮೆ. ನನ್ನದು ಹಾಗೆಯೇ ಮಾಡಿದ್ದು, ಮಗನಿಗೆ ಹಾಲೂಡಿಸಿದ್ದೇನೆ. ತೆಳ್ಳಗಿನವರಿಗೆ ಆ ಮಡಿಕೆ ಆಳವಾಗಿರುವುದಿಲ್ಲ, ಗಾಯದ ಗೆರೆ ಸ್ವಲ್ಪ ಕಾಣುತ್ತದೆ. ಇನ್ನು ವೈದ್ಯರು ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದ ಪ್ಲಾಸ್ಟಿಕ್ ಸರ್ಜನ್ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಗೋಡೆಯ ಮೇಲೆ ತೂಗುಹಾಕಿದ ಅಲ್ಪಾವಧಿ ಕೋರ್ಸಿನ ಸರ್ಟಿಫಿಕೇಟ್ ನೋಡಿ ನಂಬಬೇಡಿ.

ಗಂಗಾವತಿಯ ಅಕ್ಕ:
ಎಂ.ಸಿಎಚ್. ಆದವರೇ ನನ್ನದನ್ನು ಸ್ನಾಯುವಿನ ಮೇಲೆ ಇಟ್ಟದ್ದು. ಪದವಿಯ ಜೊತೆಗೆ, ಗಟ್ಟಿಯಾದರೆ ಅಥವಾ ಸರಿದರೆ ಮರು ಶಸ್ತ್ರಚಿಕಿತ್ಸೆಗೆ ಯಾವ ಯಾವ ಖರ್ಚು ಯಾರದು ಎಂದು ಮುಂಗಡ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ನೋಡಿಕೊಳ್ಳೋಣ ಎಂದರೆ ಅಲ್ಲಿ ಹಣ ಕಟ್ಟಬೇಡಿ.