ಒಸಗೆ ಪತ್ರಿಕೆಯ ಮೇಲಿನ ಫೋಟೋ

ಭಾವ: ನಮ್ಮ ಹುಡುಗಿ ಮೈನೆರೆದ ಒಸಗೆಯ ಆಮಂತ್ರಣ ಪತ್ರಿಕೆಯ ಕರಡನ್ನು ಮನೆಯವರ ಗ್ರೂಪಿಗೆ ಹಾಕಿದ್ದೇನೆ. ಮೊನ್ನೆಯ ಮದುವೆಯಲ್ಲಿ ಬ್ಯೂಟಿಷಿಯನ್ ಅವಳಿಗೆ ಅಲಂಕಾರ ಮಾಡಿದ್ದಾಗ ತೆಗೆದ ಫೋಟೋವನ್ನೇ ಬಳಸಿದ್ದೇನೆ. ತಪ್ಪುಗಳಿದ್ದರೆ ಸಂಜೆಯೊಳಗೆ ತಿಳಿಸಿ, ಪ್ರೆಸ್ಸಿನವರು ಕಾಯುತ್ತಿದ್ದಾರೆ.

ನಾನು: ಅಕ್ಷರದಲ್ಲಿ ತಪ್ಪಿಲ್ಲ ಭಾವ. ಆದರೆ 12 ವರ್ಷದ ಹುಡುಗಿ ಮೈನೆರೆದಳೆಂಬ ಸುದ್ದಿಯನ್ನು ಅವಳ ಮುಖದ ಸಮೇತ ಮುನ್ನೂರು ಮನೆಗಳಿಗೆ ಹಂಚುವ ಮುನ್ನ ಅವಳನ್ನೊಂದು ಮಾತು ಕೇಳಬೇಕಿತ್ತು. ನನ್ನ ಫೋನಿನಲ್ಲಿ ಇದನ್ನು ನೋಡಿದವಳು, ‘ನಮ್ಮ ಕ್ಲಾಸಿನ ಹುಡುಗರ ಮನೆಗೂ ಹೋಗುತ್ತದಾ ಅಮ್ಮ?’ ಎಂದು ಕೇಳಿ ಕೋಣೆಯ ಬಾಗಿಲು ಹಾಕಿಕೊಂಡಳು.

ಓರಗಿತ್ತಿ: ನಾವೆಲ್ಲರೂ ಹಸೆಯ ಮೇಲೆ ಕುಳಿತು ಬಂದವರೇ ಅಲ್ಲವೇ? ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿದ್ದು, ದಿನಕ್ಕೊಬ್ಬರು ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ಬೆಲ್ಲ ತಂದು ತಿನ್ನಿಸಿದ್ದು ನನಗೆ ಇಂದಿಗೂ ಸಂತೋಷದ ನೆನಪು. ನಾಲ್ಕು ಜನರ ಮುಂದೆ ಚೆಂದವಾಗಿ ಕಾಣಲಿ ಎಂಬುದರಲ್ಲಿ ತಪ್ಪೇನಿದೆ?

ನಾನು: ಚೆಂದ ಕಾಣುವುದಕ್ಕೆ ನನ್ನ ತಕರಾರಿಲ್ಲ ಅಕ್ಕ. ಹೋದ ತಿಂಗಳು ಅವಳು ತಾನಾಗಿ ತುಟಿಗೆ ತೆಳುವಾಗಿ ಲಿಪ್‌ಸ್ಟಿಕ್ ಹಚ್ಚಿಕೊಂಡಾಗ, ‘ಈ ವಯಸ್ಸಿಗೇ ಇದೆಲ್ಲ ಬೇಕಾ’ ಎಂದು ಇದೇ ಮನೆಯಲ್ಲಿ ಒರೆಸಿಸಿದೆವು, ಒರೆಸಿಸಿದವಳು ನಾನೇ. ಅವಳು ಹಚ್ಚಿಕೊಂಡರೆ ಬೈಗುಳ, ನಾವು ಹಚ್ಚಿಸಿದರೆ ಶಾಸ್ತ್ರ ಎಂದಾದರೆ ಅವಳಿಗೆ ನಾವು ಏನನ್ನು ಕಲಿಸಿದಂತಾಯಿತು?

ನಾದಿನಿ (ಡಾಕ್ಟರ್): ಅತ್ತಿಗೆಯ ಮಾತಿಗೆ ನನ್ನದೂ ಸ್ವಲ್ಪ ಸೇರಿಸುತ್ತೇನೆ, ಅಣ್ಣ. ಹೆಣ್ಣುಮಕ್ಕಳಲ್ಲಿ ಬೆಳವಣಿಗೆಯ ಮೊದಲ ಗುರುತು ಸಾಮಾನ್ಯವಾಗಿ 8ರಿಂದ 13ರ ನಡುವೆ, ಎದೆಯಲ್ಲಿ ಸಣ್ಣ ಗಂಟಿನಂತೆ ಕಾಣಿಸಿಕೊಳ್ಳುತ್ತದೆ. ಮುಟ್ಟು ಬರುವುದು ಅದಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಅಂದರೆ ಮಾತಾಡಲು ನಮಗೆ ಅಷ್ಟು ಸಮಯವಿತ್ತು. 8 ತುಂಬುವ ಮೊದಲೇ ಗುರುತು ಕಂಡರೆ ವೈದ್ಯರಿಗೆ ತೋರಿಸಬೇಕು. ಮೊದಲ ಒಂದೆರಡು ವರ್ಷ ಮುಟ್ಟಿನ ದಿನಗಳು ಏರುಪೇರಾಗುವುದು ಸಹಜ. ಮೊಡವೆಯೂ ಸಹಜ, ಅದರ ಮೇಲೆ ದಪ್ಪ ಫೌಂಡೇಶನ್ ಮೆತ್ತಿದರೆ ಹೆಚ್ಚಾಗಬಹುದು. ಸುಕ್ಕು ಬಾರದಿರಲೆಂದು ದೊಡ್ಡವರು ಮುಖಕ್ಕೆ ಹಚ್ಚುವ ರೆಟಿನಾಲ್ ಸೀರಮ್ ಈ ವಯಸ್ಸಿಗೆ ಬೇಡವೇ ಬೇಡ. ನನಗೆ ನಿಜವಾದ ಭಯವಿರುವುದು ಬೆಳ್ಳಗಾಗಲೆಂದು ನೆಂಟರು ಕೊಡುವ ಕ್ರೀಮುಗಳ ಬಗ್ಗೆ: ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಚರ್ಮ ತೆಳುವಾಗುತ್ತದೆ, ಇನ್ನು ಕೆಲವದರಲ್ಲಿ ಪಾದರಸವೇ ಇರುತ್ತದೆ. ಲಿಪ್‌ಸ್ಟಿಕ್ಕಿಗಿಂತ ಮೊದಲು ಅವನ್ನು ಮನೆಯಿಂದಾಚೆ ಹಾಕೋಣ.

ಓರಗಿತ್ತಿ: ಆ ಕ್ರೀಮು ನಾನೇ ಕೊಟ್ಟದ್ದು. ಅಂಗಡಿಯವರು ಒಳ್ಳೆಯದೆಂದೇ ಹೇಳಿದ್ದರು.

ನಾದಿನಿ: ನಿಮ್ಮ ಮೇಲೆ ಆರೋಪವಲ್ಲ ಅತ್ತಿಗೆ, ಡಬ್ಬಿಯ ಹಿಂಬದಿಯ ಫೋಟೋವನ್ನು ನನಗೊಬ್ಬಳಿಗೇ ಕಳಿಸಿ.

ಅತ್ತೆ: ಮೊಮ್ಮಗಳಿಂದ ಬರೆಸುತ್ತಿದ್ದೇನೆ, ಆದ್ದರಿಂದ ನೀವು ಅಂದದ್ದನ್ನೆಲ್ಲ ಅವಳೂ ಓದಿದ್ದಾಳೆ. ನನಗೆ ಗುಡ್ಲು ಹಾಕಿದಾಗ ಯಾರೂ ಏನನ್ನೂ ಹೇಳಿರಲಿಲ್ಲ. ಎಲ್ಲೋ ಪೆಟ್ಟಾಗಿ ರಕ್ತ ಬಂದಿದೆ, ಇನ್ನು ಸಾಯುತ್ತೇನೆ ಎಂದು ಮೂರು ದಿನ ಅತ್ತಿದ್ದೆ. ಆರತಿ ಮನೆಯೊಳಗೇ ಆಗಲಿ. ಚಿಗಳಿ ನಾನು ಕುಟ್ಟುತ್ತೇನೆ.

ಭಾವ: ಪತ್ರಿಕೆಯಿಂದ ಫೋಟೋ ತೆಗೆದುಹಾಕಿಸಿದ್ದೇನೆ.

ನಾನು: ಪತ್ರಿಕೆಯೇ ಬೇಡ ಭಾವ. ಅವಳಿಗೆ ಚಿಗಳಿ ಬೇಕಂತೆ, ಕಾಡಿಗೆಯನ್ನು ತಾನೇ ಹಚ್ಚಿಕೊಳ್ಳುತ್ತಾಳಂತೆ, ಸೋದರಮಾವ ಬಂದರೆ ಸಾಕಂತೆ.

ಭಾವ: ಹಾಗಿದ್ದರೆ ಛತ್ರಕ್ಕೆ ಕೊಟ್ಟ ಮುಂಗಡವನ್ನು ವಾಪಸ್ಸು ಕೇಳುವವರು ಯಾರು?