ಆಕಾಶವಾಣಿಯ ಖರ್ಚು ಯಾರು ಹೊರಬೇಕು?

ಹಳೇ ಬ್ಯಾಂಡ್: ರೇಡಿಯೊ ಲೈಸೆನ್ಸ್ ಮತ್ತೆ ಬರಲಿ ಅಂತೀನಿ. ಮೊದಲು ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟುತ್ತಿದ್ದರು. 1980ರ ದಶಕದಲ್ಲಿ ಅದನ್ನು ತೆಗೆದ ಮೇಲೆ ಆಕಾಶವಾಣಿ ಕೇಂದ್ರ ಬಜೆಟ್ಟಿನ ಕೃಪೆಗೆ ಬಿತ್ತು. ಕೇಳುಗ ದುಡ್ಡು ಕೊಟ್ಟರೆ ಕೇಳುಗನ ಮಾತು ನಡೆಯುತ್ತೆ. ಬಿಬಿಸಿ ನೋಡಿ.

ಲೆಕ್ಕದ ಚೀಟಿ: ಬಿಬಿಸಿ ನೋಡುವುದಾದರೆ ಪೂರ್ತಿ ನೋಡೋಣ. ಬ್ರಿಟನ್ನಿನಲ್ಲಿ ರೇಡಿಯೊಗೆಂದೇ ಇದ್ದ ಲೈಸೆನ್ಸ್ 1971ರಲ್ಲೇ ರದ್ದಾಯಿತು; ಈಗ ಟಿವಿ ಲೈಸೆನ್ಸಿನ ದುಡ್ಡಿನಲ್ಲೇ ರೇಡಿಯೊನೂ ನಡೆಯುತ್ತದೆ. ಸೆಟ್ಟಿನ ಮೇಲೆ ಶುಲ್ಕ ಹಾಕುವುದು ಮನೆಗೊಂದೇ ಸೆಟ್ ಇದ್ದ ಕಾಲದ ಏರ್ಪಾಡು. ಇವತ್ತು ರೇಡಿಯೊ ಇರುವುದು ಮೊಬೈಲಿನಲ್ಲಿ, ಕಾರಿನಲ್ಲಿ. ಯಾವುದಕ್ಕೆ ರಸೀದಿ ಹರಿಯುತ್ತೀರಿ? ಜರ್ಮನಿಯವರು ಇದಕ್ಕೇ 2013ರಲ್ಲಿ ಸೆಟ್ಟಿನ ಲೆಕ್ಕ ಬಿಟ್ಟು ಮನೆಯ ಲೆಕ್ಕ ಹಿಡಿದರು. ಇಟಲಿ 2016ರಿಂದ ಕರೆಂಟ್ ಬಿಲ್ಲಿಗೇ ಸೇರಿಸಿತು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ರೇಡಿಯೊ ಶುಲ್ಕ ಕಳಿಸುವ ಧೈರ್ಯ ಇಲ್ಲಿ ಯಾವ ಮಂತ್ರಿಗಿದೆ?

ಹಳೇ ಬ್ಯಾಂಡ್: ಜಾಹೀರಾತು ಹೆಚ್ಚಿಸಲಿ ಹಾಗಾದರೆ. ವಿವಿಧ ಭಾರತಿ 1967ರಿಂದ ಹಾಕುತ್ತಿದೆಯಲ್ಲ.

ಮೀಡಿಯಂ ವೇವ್: ಜಾಹೀರಾತಿನವರಿಗೆ ಬೇಕಾದದ್ದು ಬೆಂಗಳೂರಿನ ಎಫ್‌ಎಂಗಳು, 101.3, 102.9. ಖರ್ಚು ಬೀಳುವುದು ಬೇರೆ ಕಡೆ. ಬೆಂಗಳೂರಿನ 612, ಧಾರವಾಡದ 765 ಕಿಲೊಹರ್ಟ್ಸ್ ಎರಡೂ 200 ಕಿಲೊವಾಟಿನ ಮೀಡಿಯಂ ವೇವ್ (ಎಫ್‌ಎಂಗಿಂತ ಬಹುದೂರ ಹೋಗುವ ಹಳೆಯ ತರಂಗ) ಟ್ರಾನ್ಸ್‌ಮಿಟರುಗಳು. ದಕ್ಷತೆ ಶೇ 75 ಎಂದಿಟ್ಟುಕೊಂಡರೆ ಪೂರ್ತಿ ಶಕ್ತಿಯಲ್ಲಿ ಒಂದೊಂದೂ ಎಳೆಯುವುದು ಸುಮಾರು 270 ಕಿಲೊವಾಟ್. ತರಂಗಕ್ಕೆ ದನಿ ಸೇರಿಸುವ ಮಾಡ್ಯುಲೇಶನ್, ಕೂಲಿಂಗ್ ಬೇರೆ. ದಿನಕ್ಕೆ 16 ಗಂಟೆ ಓಡಿಸಿ, ಯೂನಿಟ್ಟಿಗೆ 8 ರೂಪಾಯಿ ಹಿಡಿಯಿರಿ: ಒಂದೊಂದಕ್ಕೂ ವರ್ಷಕ್ಕೆ ಒಂದೂಕಾಲು ಕೋಟಿ, ಬರೀ ಕರೆಂಟಿಗೆ.

ಅದನ್ನು ಮುಚ್ಚಿ ಎಫ್‌ಎಂ ಹಾಕಿ ಅನ್ನುವವರಿಗೊಂದು ಮಾತು. ಎಫ್‌ಎಂ ಹೆಚ್ಚುಕಮ್ಮಿ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು. 10 ಕಿಲೊವಾಟ್, 100 ಮೀಟರ್ ಟವರ್ ಇದ್ದರೂ ಬಯಲುಸೀಮೆಯಲ್ಲಿ 60 ಕಿ.ಮೀ. ದಾಟಿದರೆ ಕರಕರ. ಮಲೆನಾಡಿನಲ್ಲಿ ಗುಡ್ಡದ ಆಚೆ ಮಗ್ಗುಲಿಗೆ ಸಿಗ್ನಲ್ ಬೀಳುವುದೇ ಕಷ್ಟ, ಕಣಿವೆಗೊಂದು ರಿಲೇ (ಕಾರ್ಯಕ್ರಮ ಪಡೆದು ಮತ್ತೆ ಬಿತ್ತರಿಸುವ ಪುಟ್ಟ ಕೇಂದ್ರ) ಬೇಕು. ಪ್ರತಿ ರಿಲೇಗೂ ಟವರ್, ಯುಪಿಎಸ್, ಡೀಸೆಲ್, ಸಿಡಿಲಿಗೆ ಅರ್ಥಿಂಗ್. ಮೊದಲ ಮಳೆಗಾಲದಲ್ಲಿ ಫೀಡರ್ ಕೇಬಲ್ಲಿನ ಕನೆಕ್ಟರಿಗೆ ನೀರು ಇಳಿದರೆ ಪವರ್ ವಾಪಸ್ ಹೊಡೆದು ಟ್ರಾನ್ಸ್‌ಮಿಟರ್ ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತೆ, ಇಲ್ಲ ಟ್ರಿಪ್ ಆಗುತ್ತೆ. ರಿಪೇರಿಗೆ ಹೋಗುವವರ ಖರ್ಚು ಯಾವ ಜಾಹೀರಾತಿನಿಂದಲೂ ಬರಲ್ಲ.

ಲೆಕ್ಕದ ಚೀಟಿ: ಗಂಟು ಇರುವುದು ಅಲ್ಲೇ. ದುಡ್ಡು ಎಷ್ಟು ಅನ್ನುವುದಕ್ಕಿಂತ ಯಾವ ತಲೆಬರಹದಲ್ಲಿ ಬರುತ್ತೆ ಅನ್ನುವುದು ಮುಖ್ಯ. 2007ರ ಅಕ್ಟೋಬರ್ 5ಕ್ಕೂ ಮೊದಲು ಆಕಾಶವಾಣಿಗೆ ಸೇರಿದವರನ್ನು ಸರ್ಕಾರಿ ನೌಕರರೆಂದೇ ಲೆಕ್ಕ ಹಿಡಿದಿದ್ದಾರೆ, ಸಂಬಳ ಅನುದಾನದಲ್ಲಿ ಬರುತ್ತದೆ. ಯಂತ್ರ, ಟವರಿಗೆ ಕೇಂದ್ರ ಸರ್ಕಾರದ ‘ಬಿಂಡ್’ ಯೋಜನೆ, 2025-26ರವರೆಗೆ 2,539 ಕೋಟಿ; ಅದರಲ್ಲಿ ದೂರದರ್ಶನಕ್ಕೂ ಪಾಲು. ದಿನನಿತ್ಯದ ಖರ್ಚನ್ನು ಮಾತ್ರ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ ಮುಖ್ಯವಾಗಿ ತನ್ನ ಗಳಿಕೆಯಿಂದ ತೂಗಿಸಬೇಕು. ಗಳಿಕೆ ಇಳಿದರೆ ಕರೆಂಟ್ ಬಿಲ್ ನಿಲ್ಲಿಸಲು ಆಗುತ್ತದೆಯೇ? ಕತ್ತರಿ ಬೀಳುವುದು ನಾಟಕಕ್ಕೆ, ಹಳ್ಳಿಗೆ ಹೋಗಿ ಮಾಡುವ ರೆಕಾರ್ಡಿಂಗಿಗೆ, ತಿಂಗಳಿಗೆ ಆರು ಡ್ಯೂಟಿ ಸಿಗುವ ಕ್ಯಾಶುಯಲ್ ಉದ್ಘೋಷಕರಿಗೆ. ಕೊನೆಗೆ ಟ್ರಾನ್ಸ್‌ಮಿಟರ್ ಓಡುತ್ತಿರುತ್ತೆ, ಅದರಲ್ಲಿ ಬರುವುದು ಬೇರೆ ಊರಿನ ಕಾರ್ಯಕ್ರಮದ ರಿಲೇ.

ನೂರು ವಾಟ್: ಸಮುದಾಯ ಬಾನುಲಿಯ ಕತೆಯೂ ಇದೇ ಸಾರ್. ನಮಗೆ ಮಿತಿ 100 ವಾಟ್. 2024ರ ನಿಯಮದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು, ಸರ್ಕಾರಿ ದರ 10 ಸೆಕೆಂಡಿಗೆ 74 ರೂಪಾಯಿ. ಎಂಟು ಗಂಟೆ ಪ್ರಸಾರಕ್ಕೆ ದಿನಕ್ಕೆ 42 ಸಾವಿರ ಆಗಬೇಕು, ಕಾಗದದ ಮೇಲೆ! ಸುತ್ತಮುತ್ತ ಹತ್ತು ಹನ್ನೆರಡು ಕಿ.ಮೀ. ದೂರದೊಳಗೆ ಅಷ್ಟು ಸೆಕೆಂಡ್ ಕೊಳ್ಳುವ ಅಂಗಡಿ ಎಲ್ಲಿವೆ? ಖಾಸಗಿ ಎಫ್‌ಎಂಗಳು ಒಟ್ಟು ಆದಾಯದ ಶೇ 4ರ ಲೆಕ್ಕದಲ್ಲಿ ವಾರ್ಷಿಕ ಶುಲ್ಕ ಕಟ್ಟುತ್ತವಲ್ಲ, ಅದನ್ನು ಕಾರ್ಯಕ್ರಮದ ನಿಧಿ ಮಾಡಿ ಆಕಾಶವಾಣಿಗೂ ನಮಗೂ ಹಂಚಲಿ. ಅವರಿಗೆ ಸ್ವಂತ ಸುದ್ದಿ ಮಾಡುವ ಅನುಮತಿಯಿಲ್ಲ, ಸುದ್ದಿಯ ಹೊರೆ ಹೇಗೂ ಆಕಾಶವಾಣಿಯದ್ದೇ.

ಮೀಡಿಯಂ ವೇವ್: ಒಪ್ಪುತ್ತೇನೆ, ಆದರೆ ಕಾಯ್ದೆಯಲ್ಲೇ ಬರೆಯಬೇಕು. ಅಮೆರಿಕದಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷ ಮುಂಚಿತವಾಗಿಯೇ ಹಣ ಮಂಜೂರು ಮಾಡುವ ಪದ್ಧತಿ ಇತ್ತು, ರಾಜಕೀಯದ ಗಾಳಿ ತಾಗದಿರಲಿ ಅಂತ. 2025ರ ಜುಲೈನಲ್ಲಿ ಸಂಸತ್ತು ಮಂಜೂರಾಗಿದ್ದ 110 ಕೋಟಿ ಡಾಲರನ್ನು ವಾಪಸ್ ಪಡೆಯಿತು.

ಲೆಕ್ಕದ ಚೀಟಿ: ಜರ್ಮನಿಯಲ್ಲಿ 2020ರ ಕೊನೆಗೆ ಒಂದು ರಾಜ್ಯ ಶುಲ್ಕ ಏರಿಕೆಗೆ ಅಡ್ಡ ನಿಂತಿತು. ಎಷ್ಟು ಬೇಕೆಂದು ಸ್ವತಂತ್ರ ಆಯೋಗ ಲೆಕ್ಕ ಹಾಕಿ ಕೊಟ್ಟಿದ್ದರಿಂದ 2021ರಲ್ಲಿ ಸಂವಿಧಾನ ನ್ಯಾಯಾಲಯ ತಿಂಗಳಿಗೆ 18.36 ಯೂರೊ ಎಂದು ತಾನೇ ಜಾರಿ ಮಾಡಿತು. ಶೇ 4 ನಿಧಿಗೂ ಅಂಥ ಆಯೋಗ ಬೇಕು. ಪ್ರತಿ ನಿಲಯದ ಕರೆಂಟ್, ಕಲಾವಿದರ ಸಂಭಾವನೆ, ರಿಲೇ ನಿರ್ವಹಣೆ ಬೇರೆ ಬೇರೆ ತೋರಿಸುವ ಲೆಕ್ಕವನ್ನು ಅದರ ಮುಂದಿಡಬೇಕು.

ಹಳೇ ಬ್ಯಾಂಡ್: ಆಯೋಗಕ್ಕೆ ಸದಸ್ಯರನ್ನು ನೇಮಿಸುವವರು ಯಾರು, ಮತ್ತದೇ ಸಚಿವಾಲಯವೇ?